ಹಳೆಯ ಮೋಟಾರಿಗೆ ಹೊಂದುವ ಕಿಡಿ

ಆಷಾಢದ ಮಳೆ ಕೊಡಗಿನ ಮೇಲೆ ಇಳಿಯತೊಡಗಿತೆಂದರೆ ಅದಕ್ಕೆ ಹೊತ್ತುಗೊತ್ತೆಂಬುದಿಲ್ಲ. ವಿರಾಜಪೇಟೆಯ ಮಲೆತಿರಿಕೆ ಬೆಟ್ಟ ಮಂಜಿನ ಮುಸುಕಿನೊಳಗೆ ಅಡಗುತ್ತದೆ. ಗಡಿಯಾರ ಕಂಬದ ಸುತ್ತ ಮನುಷ್ಯರಲ್ಲ, ಕೊಡೆಗಳೇ ನಡೆದಾಡುತ್ತಿರುವಂತೆ ಕಾಣುತ್ತದೆ. 1792ರಲ್ಲಿ ದೊಡ್ಡ ವೀರರಾಜೇಂದ್ರನು ನೆಲೆಗೊಳಿಸಿದ ಈ ಪೇಟೆಯಿಂದ ಹೊರಟ ರಸ್ತೆಯೊಂದು ಪೆರುಂಬಾಡಿಯನ್ನು ಹಾದು, ಮಾಕುಟ್ಟದ ದಟ್ಟವಾದ ಕಾಡಿನಲ್ಲಿ ತಿರುವು ತಿರುವಾಗಿ ಇಳಿದು, ಕೇರಳದ ಇರಿಟ್ಟಿಯ ಕಡೆಗೆ ಸಾಗುತ್ತದೆ. 2018ರ ಮಳೆಗಾಲದಲ್ಲಿ ಈ ರಸ್ತೆ ಅಲ್ಲಲ್ಲಿ ಕುಸಿದು ಸಂಚಾರವೇ ನಿಂತುಹೋಗಿತ್ತು. ಅಂಥ ಘಟ್ಟದಲ್ಲಿ, ಅಂಥ ಮಳೆಯಲ್ಲಿ, ಹಳೆಯ ಮೋಟಾರೊಂದು ದಾರಿಯ ನಡುವೆ ನಿಂತರೆ?

ಒಂದು ಚಿತ್ರವನ್ನು ಕಲ್ಪಿಸಿಕೊಳ್ಳಬಹುದು. ಮದುವೆಯೊಂದನ್ನು ಮುಗಿಸಿಕೊಂಡು ಮೂವರು ಘಟ್ಟ ಹತ್ತುತ್ತಿದ್ದಾರೆ: ಕಾಫಿ ತೋಟದ ವೃದ್ಧ ಯಜಮಾನರು, ಅವರ ಪತ್ನಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗ. ಕಾರು ಅರುವತ್ತು ವರ್ಷ ದಾಟಿದ ಮಾರಿಸ್ ಮೈನರ್. ಯಜಮಾನರು ಮದುವೆಯಾದ ಹೊಸತರಲ್ಲಿ ಕೊಂಡದ್ದು. ಮನೆಯ ಮಕ್ಕಳೆಲ್ಲ ಶಾಲೆಗೆ ಹೋದದ್ದು ಅದರಲ್ಲಿಯೇ. ಕೆಲವು ದಿನಗಳಿಂದ ಅದು ಮುಗ್ಗರಿಸುತ್ತಿತ್ತು. ಮೊಮ್ಮಗ ಅಕ್ಕರೆಯಿಂದಲೇ ಹೊಸದೊಂದು ‘ಹೆಚ್ಚು ಶಕ್ತಿಯ’ ಇಗ್ನಿಷನ್ ಕಾಯಿಲನ್ನು ತಂದು ಕೂರಿಸಿದ್ದ. ಇಳಿಯುವಾಗ ಕಾರು ಹೂವಿನಂತೆ ಇಳಿಯಿತು. ಹತ್ತುವಾಗ ಮೊದಲು ಒಂದೆರಡು ಸಲ ಕೆಮ್ಮಿತು. ಆಮೇಲೆ ಏದುಸಿರು ಬಿಟ್ಟಿತು. ಕೊನೆಗೆ ಒಂದು ತಿರುವಿನಲ್ಲಿ ತೆಪ್ಪಗಾಯಿತು. ಸಂಜೆಯ ಐದು ಗಂಟೆ. ಸುತ್ತ ಆನೆಗಳು ಓಡಾಡುವ ಕಾಡು. ಹಿಂದಿನ ಸೀಟಿನಲ್ಲಿ ಅಜ್ಜಿ ಸೆರಗು ಹೊದ್ದು ಕುಳಿತಿದ್ದಾರೆ.

“ಅಜ್ಜ, ಕಾಯಿಲ್ ಹೊಸದು. ಅದರಿಂದ ಆಗಿರಲಾರದು,” ಎನ್ನುತ್ತಾನೆ ಹುಡುಗ.

ಯಜಮಾನರು ಬಾನೆಟ್ ಎತ್ತಿ, ಬೆರಳ ತುದಿಯಿಂದ ಕಾಯಿಲನ್ನು ಮುಟ್ಟಿ, ತಟ್ಟನೆ ಕೈ ತೆಗೆಯುತ್ತಾರೆ. “ಹೊಸದು ಹೌದು ಮಗ. ಆದರೆ ನಮ್ಮದಲ್ಲ,” ಎನ್ನುತ್ತಾರೆ.

ಆ ಒಂದು ಮಾತಿನಲ್ಲಿಯೇ ವಿಷಯವೆಲ್ಲ ಅಡಗಿದೆ. ಹಳೆಯ ಮೋಟಾರಿಗೆ ಬೇಕಾದದ್ದು ಬಲವಾದ ಕಾಯಿಲ್ ಅಲ್ಲ, ಹೊಂದುವ ಕಾಯಿಲ್. ಹೊಂದುವುದೆಂದರೇನು ಎಂಬುದನ್ನು ತಿಳಿಯಬೇಕಾದರೆ, ಮುಷ್ಟಿಗಾತ್ರದ ಆ ಕಪ್ಪು ಡಬ್ಬಿಯೊಳಗೆ ಏನು ನಡೆಯುತ್ತದೆಂಬುದನ್ನು ಮೊದಲು ನೋಡಬೇಕು.

ಡಬ್ಬಿಯೊಳಗಿನ ಗುಟ್ಟು

ಪೆಟ್ರೋಲಿನ ಯಂತ್ರ ನಡೆಯುವುದು ಕಿಡಿಯಿಂದ. ಗಾಳಿಯೂ ಪೆಟ್ರೋಲಿನ ಆವಿಯೂ ಬೆರೆತು ಸಿಲಿಂಡರಿನಲ್ಲಿ ಅದುಮಲ್ಪಟ್ಟಾಗ, ಸರಿಯಾದ ಕ್ಷಣಕ್ಕೆ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕು. ಅದುಮಲ್ಪಟ್ಟ ಅನಿಲದ ನಡುವೆ ಕಿಡಿ ಜಿಗಿಯುವುದೆಂದರೆ ಹುಡುಗಾಟವಲ್ಲ; ಅದಕ್ಕೆ ಸಾಮಾನ್ಯವಾಗಿ ಹತ್ತು ಸಾವಿರ ವೋಲ್ಟ್‌ಗಳ ಆಸುಪಾಸಿನ ಒತ್ತಡ ಬೇಕಾಗುತ್ತದೆ. ಬ್ಯಾಟರಿಯಲ್ಲಿರುವುದಾದರೋ 6 ಅಥವಾ 12 ವೋಲ್ಟ್. ಹನ್ನೆರಡನ್ನು ಹತ್ತು ಸಾವಿರ ಮಾಡುವ ಇಂದ್ರಜಾಲವೇ ಇಗ್ನಿಷನ್ ಕಾಯಿಲಿನ ಕೆಲಸ.

ಈ ಇಂದ್ರಜಾಲದ ಬೀಜಮಂತ್ರವನ್ನು ಕಂಡುಕೊಂಡವನು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ, 1831ರಲ್ಲಿ. ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿಸುರುಳಿಗಳನ್ನು ಸುತ್ತಿ, ಒಂದರಲ್ಲಿ ವಿದ್ಯುತ್ತನ್ನು ಹರಿಸಿದಾಗಲೂ ಕಡಿದಾಗಲೂ ಇನ್ನೊಂದರಲ್ಲಿ ಕ್ಷಣಮಾತ್ರ ವಿದ್ಯುತ್ತು ಸುಳಿಯುವುದನ್ನು ಅವನು ಕಂಡನು. 1836ರಲ್ಲಿ ಐರ್ಲೆಂಡಿನ ಪಾದ್ರಿ ನಿಕೊಲಸ್ ಕ್ಯಾಲನ್ ಎರಡನೆಯ ಸುರುಳಿಗೆ ಬಹಳ ಹೆಚ್ಚು ಸುತ್ತುಗಳನ್ನು ಕೊಟ್ಟು ಒತ್ತಡವನ್ನು ಏರಿಸಿದನು. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಜರ್ಮನ್ ಕುಶಲಕರ್ಮಿ ರೂಮ್‌ಕಾರ್ಫ್ 1851ರ ಹೊತ್ತಿಗೆ ಅದನ್ನು ಉದ್ದನೆಯ ಕಿಡಿ ಕೊಡುವ ಉಪಕರಣವಾಗಿ ತಿದ್ದಿದನು. 1864ರಲ್ಲಿ ಫ್ರಾನ್ಸ್ ದೇಶ ಅವನಿಗೆ 50,000 ಫ್ರಾಂಕುಗಳ ಬಹುಮಾನವನ್ನಿತ್ತಿತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟುಗಳನ್ನು ಜೋಡಿಸಿ ರೂಪಿಸಿದ ವ್ಯವಸ್ಥೆ 1910ರ ಕ್ಯಾಡಿಲಾಕ್ ಕಾರುಗಳಿಗೆ ಬಂದಿತು. ಮುಂದೆ ಆರು ದಶಕಗಳಿಗೂ ಹೆಚ್ಚು ಕಾಲ ಜಗತ್ತಿನ ಬಹುಪಾಲು ಕಾರುಗಳು ಓಡಿದ್ದು ಅದೇ ಹೊಲಬಿನಲ್ಲಿ.

ಡಬ್ಬಿಯೊಳಗೆ ತೆಳ್ಳನೆಯ ಕಬ್ಬಿಣದ ಪಟ್ಟಿಗಳ ಒಂದು ದಿಂಡು ಇರುತ್ತದೆ. ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸುಮಾರು ಇಪ್ಪತ್ತು ಸಾವಿರ ಸುತ್ತು. ಅದರ ಮೇಲೆ ದಪ್ಪ ತಂತಿ ಇನ್ನೂರು ಮುನ್ನೂರು ಸುತ್ತು. ಎರಡರ ನಡುವೆ ಕಾಗದದ ಹೊದಿಕೆ. ಎಲ್ಲವನ್ನೂ ಮುಳುಗಿಸಿದ ಎಣ್ಣೆ. ಎಣ್ಣೆಗೆ ಎರಡು ಕೆಲಸ: ವಿದ್ಯುತ್ತು ಸೋರದಂತೆ ತಡೆಯುವುದು, ಶಾಖವನ್ನು ಡಬ್ಬಿಯ ಗೋಡೆಗೆ ಮುಟ್ಟಿಸುವುದು.

ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಕೂಡಿರುವಾಗ ದಪ್ಪ ತಂತಿಯಲ್ಲಿ ವಿದ್ಯುತ್ತು ಹರಿದು ದಿಂಡು ಅಯಸ್ಕಾಂತವಾಗುತ್ತದೆ. ಪಾಯಿಂಟುಗಳು ಬಿಟ್ಟುಕೊಂಡ ಕ್ಷಣ ಪ್ರವಾಹ ಕಡಿದು, ಅಯಸ್ಕಾಂತ ಶಕ್ತಿ ಕುಸಿಯುತ್ತದೆ. ಕುಸಿತ ಎಷ್ಟು ಚುರುಕಾಗಿರುತ್ತದೋ ಕೂದಲೆಳೆಯ ತಂತಿಯಲ್ಲಿ ಹುಟ್ಟುವ ಒತ್ತಡ ಅಷ್ಟು ಹೆಚ್ಚು. ಪಾಯಿಂಟುಗಳ ಪಕ್ಕದಲ್ಲಿ ಕುಳಿತ ಕಿರುಬೆರಳಿನಷ್ಟು ಗಾತ್ರದ ಕಂಡೆನ್ಸರು ಈ ಕುಸಿತವನ್ನು ಚುರುಕುಗೊಳಿಸುತ್ತದೆ. ಪಾಯಿಂಟುಗಳ ನಡುವೆಯೇ ಕಿಡಿ ಹಾರಿ ಅವು ಸುಟ್ಟುಹೋಗದಂತೆ ಕಾಯುತ್ತದೆ. ನಾಲ್ಕು ಸಿಲಿಂಡರಿನ ಯಂತ್ರ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಕೂಡಿಕೆ, ಅಗಲಿಕೆ ಸೆಕೆಂಡಿಗೆ 100 ಸಲ ನಡೆಯುತ್ತದೆ.

ಇಲ್ಲಿ ನೆನಪಿಡತಕ್ಕ ಮಾತೊಂದುಂಟು. ಒತ್ತಡ ಏರುತ್ತ ಏರುತ್ತ ಪ್ಲಗ್ಗಿನ ಸಂದನ್ನು ದಾಟುವಷ್ಟಾದೊಡನೆ ಕಿಡಿ ಹಾರಿಬಿಡುತ್ತದೆ. ಅಲ್ಲಿಂದ ಮುಂದೆ ಏರುವುದಿಲ್ಲ. ಕಾಯಿಲ್ 20,000 ವೋಲ್ಟಿನದಾಗಿರಲಿ, 40,000 ವೋಲ್ಟಿನದಾಗಿರಲಿ, ಪ್ಲಗ್ಗು ಕೇಳುವುದು ಹತ್ತು ಸಾವಿರವಾದರೆ ಸಿಗುವುದೂ ಅಷ್ಟೆ. ಉಳಿದದ್ದು ಕಣಜದಲ್ಲಿರುವ ಮೀಸಲು ಧಾನ್ಯ. ಮೀಸಲು ಇರಬೇಕಾದದ್ದು ನಿಜ. ಘಟ್ಟ ಹತ್ತುವಾಗ, ಪ್ಲಗ್ಗು ಸವೆದಾಗ ಅದು ಒದಗುತ್ತದೆ. ಆದರೆ ಸುಸ್ಥಿತಿಯಲ್ಲಿರುವ ಮೂಲ ಕಾಯಿಲಿನಲ್ಲಿಯೇ ಆ ಮೀಸಲು ಸಾಕಷ್ಟಿದೆ. ‘ಹೆಚ್ಚು ಶಕ್ತಿಯ’ ಕಾಯಿಲಿನಿಂದ ಹಳೆಯ ಯಂತ್ರಕ್ಕೆ ಹೊಸ ಯೌವನ ಬರುತ್ತದೆಂಬುದು ಬರಿಯ ಆಸೆ.

ಮೂರು ಪ್ರಶ್ನೆಗಳು

ಕೊಡಗಿನ ತೋಟದ ಮನೆಗಳ ಶೆಡ್ಡುಗಳನ್ನು ಇಣುಕಿದರೆ ಹಲವು ದೇಶ, ಹಲವು ಕಾಲದ ಗಾಡಿಗಳು ಕಾಣಸಿಗುತ್ತವೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದಿಂದ ವಿಲೇವಾರಿಯಾದ ಜೀಪುಗಳು ನಾಗರಿಕರ ಕೈಗೆ ಬಂದವು. ಬೆನ್ನಿಗೇ ಮುಂಬಯಿಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಸೈನಿಕರ ನಾಡಾದ ಕೊಡಗಿಗೆ, ಅದರಲ್ಲಿಯೂ ಕೆಸರಿನ ತೋಟದ ದಾರಿಗಳಿಗೆ, ಜೀಪು ಹೇಳಿ ಮಾಡಿಸಿದ ವಾಹನ. ಜೊತೆಗೆ ಮಾರಿಸ್, ಆಸ್ಟಿನ್, ಫಿಯೆಟ್, ಅಂಬಾಸಡರ್. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದವರು ಸಾಲಾಗಿ ನಿಂತ ಇಂಥ ಹಳೆಯ ಕಾರುಗಳನ್ನು ಕಂಡು ಬೆರಗಾಗಿರಬಹುದು. ಅಲ್ಲಿ ಅವು ನೋಟಕ್ಕೆ ನಿಂತಿವೆ. ಓಡಿಸುವ ಮನೆಯವರಿಗೆ ಮಾತ್ರ ಕಾಯಿಲಿನ ಪ್ರಶ್ನೆ ಎದುರಾಗುತ್ತದೆ. ಕಾಯಿಲ್ ಕೊಳ್ಳುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಳ್ಳತಕ್ಕದ್ದು.

ಮೊದಲನೆಯದು: ಗಾಡಿಯ ವಿದ್ಯುತ್ತು ಎಷ್ಟು ವೋಲ್ಟಿನದು? ಯುದ್ಧಕಾಲದ ವಿಲ್ಲಿಸ್ ಜೀಪಿನದು 6 ವೋಲ್ಟ್. 1928ರಿಂದ 1931ರವರೆಗಿನ ಫೋರ್ಡ್ ‘ಎ’ ಮಾದರಿಯದೂ 6 ವೋಲ್ಟ್; ಷೆವ್ರೊಲೆ ಕಾರುಗಳು 1955ರ ಮಾದರಿಯಿಂದ 12 ವೋಲ್ಟಿಗೆ ಬಂದವು. ಮಾರಿಸ್ ಮೈನರ್, ಫಿಯೆಟ್ 1100 ಮೊದಲಾದುವು 12 ವೋಲ್ಟಿನವು. ಆದರೆ ಪುಸ್ತಕದಲ್ಲಿ ಬರೆದದ್ದನ್ನೇ ನಂಬಿ ಕೂರಬಾರದು. ಎಷ್ಟೋ ಹಳೆಯ ಜೀಪುಗಳನ್ನು ನಡುವೆ ಯಾರೋ 12 ವೋಲ್ಟಿಗೆ ಬದಲಾಯಿಸಿರುತ್ತಾರೆ. ಬದಲಾದ ಗಾಡಿಯಲ್ಲಿ ಹಳೆಯ 6 ವೋಲ್ಟಿನ ಕಾಯಿಲನ್ನು ಹಾಗೆಯೇ ಬಿಟ್ಟರೆ ಅದು ಬೇಗನೆ ಬೇಯುತ್ತದೆ. ಈಗ ಇರುವ ಬ್ಯಾಟರಿಯನ್ನು ಅಳೆದು ನೋಡುವುದೇ ಸರಿಯಾದ ಉಪಾಯ.

ಎರಡನೆಯ ಪ್ರಶ್ನೆ ಸ್ವಲ್ಪ ಸೂಕ್ಷ್ಮವಾದದ್ದು, ಹೆಚ್ಚಿನವರು ಎಡವುವುದೂ ಅಲ್ಲಿಯೇ: ಕಾಯಿಲಿನ ದಾರಿಯಲ್ಲಿ ಬ್ಯಾಲಸ್ಟ್ ರೆಸಿಸ್ಟರ್ ಇದೆಯೆ? 12 ವೋಲ್ಟಿನ ಸಾಮಾನ್ಯ ಕಾಯಿಲಿನ ದಪ್ಪ ತಂತಿಯ ತಡೆ ಸುಮಾರು 3 ಓಂ. ಹನ್ನೆರಡನ್ನು ಮೂರರಿಂದ ಭಾಗಿಸಿದರೆ ನಾಲ್ಕು. ಅಂದರೆ 4 ಆಂಪಿಯರ್ ಪ್ರವಾಹ. ಹಳೆಯ ಪಾಯಿಂಟುಗಳು ಹೊರಬಲ್ಲ ಹೊರೆ ಹೆಚ್ಚು ಕಡಿಮೆ ಅಷ್ಟೆ. ಮುಂದೆ ಬಂದ ಕೆಲವು ಕಾರುಗಳಲ್ಲಿ ಬೇರೊಂದು ಉಪಾಯ ಮಾಡಿದರು. ಕಾಯಿಲಿಗೆ 1.5 ಓಂ ತಡೆಯನ್ನು ಮಾತ್ರ ಇಟ್ಟು, ಉಳಿದ 1.5 ಓಂ ತಡೆಯನ್ನು ಹೊರಗೆ, ಪಿಂಗಾಣಿಯ ತುಂಡಿನಲ್ಲಿಯೋ ವಿಶೇಷ ತಂತಿಯಲ್ಲಿಯೋ ಇರಿಸಿದರು. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ಒತ್ತಡ ಹತ್ತು ವೋಲ್ಟಿಗೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದಷ್ಟೆ. ಆಗ ಹೊರಗಿನ ತಡೆಯನ್ನು ಬಳಸಿಕೊಂಡು ಹೋಗುವ ಬೇರೊಂದು ತಂತಿಯ ಮೂಲಕ ಕಾಯಿಲಿಗೆ ಪೂರ್ತಿ ವಿದ್ಯುತ್ತು ಸಿಗುತ್ತದೆ. ಚಳಿಯ ಬೆಳಗಿನಲ್ಲಿಯೂ ಯಂತ್ರ ಬೇಗನೆ ಎದ್ದುಕೊಳ್ಳುತ್ತದೆ. ಎದ್ದ ಮೇಲೆ ತಡೆ ಮತ್ತೆ ದಾರಿಗೆ ಅಡ್ಡ ಬರುತ್ತದೆ.

ಈ 1.5 ಓಂ ಕಾಯಿಲನ್ನು ಹೊರಗಿನ ತಡೆಯಿಲ್ಲದ ಹಳೆಯ ಗಾಡಿಗೆ ಕೂರಿಸಿದರೆ ಆಗುವುದೇನು? ಹನ್ನೆರಡನ್ನು ಒಂದೂವರೆಯಿಂದ ಭಾಗಿಸಬೇಕು: 8 ಆಂಪಿಯರ್. ಡೈನಮೊ ಚೆನ್ನಾಗಿ ತಿರುಗುವಾಗ ಒತ್ತಡ 14 ವೋಲ್ಟಿನ ಹತ್ತಿರಕ್ಕೆ ಬರುವುದರಿಂದ ಅದು 9ನ್ನು ಮೀರುತ್ತದೆ. ಮೊದಮೊದಲು ಕಿಡಿ ಕಣ್ಣು ಕೋರೈಸುವಂತಿರುತ್ತದೆ, ಮಾಲೀಕನಿಗೆ ಹಿಗ್ಗು. ಅರ್ಧ ಗಂಟೆಯೊಳಗೆ ಪಾಯಿಂಟುಗಳು ನೀಲಿಗಟ್ಟಿ ಸುಡತೊಡಗುತ್ತವೆ, ಡಬ್ಬಿ ಕೈ ಇಡಲಾರದಷ್ಟು ಕಾಯುತ್ತದೆ. ತಣಿದರೆ ಮತ್ತೆ ಓಡುತ್ತದೆ, ಕಾದರೆ ಮತ್ತೆ ನಿಲ್ಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ವಿದ್ಯುತ್ತಿಗೂ ಸಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ, ಹೊರಗೆ ತಡೆಯಿರುವ ಗಾಡಿಗೆ 3 ಓಂ ಕಾಯಿಲನ್ನು ಹಾಕಿದರೆ ಏನೂ ಸುಡದು. ಆದರೆ ಕಿಡಿ ಬಡವಾಗುತ್ತದೆ.

ಕೊಳ್ಳುವ ಕಾಯಿಲ್ ಯಾವ ಜಾತಿಯದೆಂದು ತಿಳಿಯಲು ಅಂಗಡಿಯಲ್ಲಿಯೇ ಮಲ್ಟಿಮೀಟರಿನಿಂದ ಎರಡು ಸಣ್ಣ ತಿರುಪುಗಳ ನಡುವಣ ತಡೆಯನ್ನು ಅಳೆದು ನೋಡಬಹುದು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕೆಯನ್ನು ಕಳೆಯುವುದನ್ನು ಮರೆಯಬಾರದು. ಇಷ್ಟು ಸಣ್ಣ ಅಳತೆಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. 3 ಓಂ ಅಥವಾ ತುಸು ಹೆಚ್ಚು ಬಂದರೆ ತಡೆಯಿಲ್ಲದ 12 ವೋಲ್ಟಿನ ಗಾಡಿಗೆ, 1.5ರ ಆಸುಪಾಸು ಬಂದರೆ ಹೊರಗಿನ ತಡೆಯುಳ್ಳ ಗಾಡಿಗೆ. 6 ವೋಲ್ಟಿನ ಕಾಯಿಲಿನಲ್ಲಿಯೂ ಒಂದು, ಒಂದೂವರೆ ಓಂ ಬರುವುದರಿಂದ ಅಳತೆಯ ಜೊತೆಗೆ ಮೈಮೇಲಿನ ಬರೆಹವನ್ನೂ ಓದಬೇಕು. ನಡುವಣ ಗೋಪುರದಿಂದ ಸಣ್ಣ ತಿರುಪೊಂದಕ್ಕೆ ಅಳೆದರೆ ಕೆಲವು ಸಾವಿರ ಓಂ ಬರಬೇಕು. ಏನೂ ಬಾರದಿದ್ದರೆ ಒಳಗಿನ ಎಳೆ ಕಡಿದಿದೆ ಎಂದರ್ಥ.

ಗಾಡಿಯಲ್ಲಿ ಹೊರಗಿನ ತಡೆ ಇದೆಯೋ ಇಲ್ಲವೋ ಎಂಬುದಕ್ಕೂ ಪರೀಕ್ಷೆಯುಂಟು. ಪಾಯಿಂಟುಗಳು ಕೂಡಿರುವಂತೆ ಯಂತ್ರವನ್ನು ನಿಲ್ಲಿಸಿ, ಕೀಲಿ ತಿರುಗಿಸಿ, ಸ್ವಿಚ್ಚಿನಿಂದ ಬಂದ ತಂತಿ ಕಾಯಿಲನ್ನು ಸೇರುವಲ್ಲಿ ಒತ್ತಡವನ್ನು ಅಳೆಯಬೇಕು. ಬ್ಯಾಟರಿಯ ಹನ್ನೆರಡೂ ಹೆಚ್ಚು ಕಡಿಮೆ ಅಲ್ಲಿಗೆ ಬಂದಿದ್ದರೆ ತಡೆಯಿಲ್ಲ. ಆರೇಳು ವೋಲ್ಟ್ ಮಾತ್ರ ಬಂದಿದ್ದರೆ ದಾರಿಯಲ್ಲಿ ಎಲ್ಲಿಯೋ ತಡೆ ಅಡಗಿದೆ. ಅಳತೆ ಮುಗಿದೊಡನೆ ಕೀಲಿಯನ್ನು ಆರಿಸಬೇಕು. ಯಂತ್ರ ನಿಂತಿರುವಾಗ ಕೀಲಿ ಹಾಕಿಯೇ ಬಿಟ್ಟರೆ, ಪಾಯಿಂಟುಗಳು ಕೂಡಿದ್ದಲ್ಲಿ ಕಾಯಿಲಿಗೆ ಬಿಡುವೇ ಇರುವುದಿಲ್ಲ. ಒಳ್ಳೆಯ ಕಾಯಿಲನ್ನೂ ಕೊಲ್ಲುವ ಸುಲಭವಾದ ದಾರಿ ಅದು.

ಮೂರನೆಯ ಪ್ರಶ್ನೆ: ಬ್ಯಾಟರಿಯ ಯಾವ ತುದಿ ಗಾಡಿಯ ಮೈಗೆ ಸೇರಿದೆ, ಎಂದರೆ ಅರ್ಥ್ ಆಗಿದೆ? ಇಂದಿನ ಕಾರುಗಳಲ್ಲಿ ಅದು ಋಣ ತುದಿ. ಮಾರಿಸ್ ಮೈನರ್ ಮೊದಲಾದ ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನ ತುದಿ. ಫೋರ್ಡ್ ‘ಎ’ ಮಾದರಿಯಲ್ಲಿಯೂ ಧನ ತುದಿಯೇ. ಯುದ್ಧಕಾಲದ ಜೀಪಿನಲ್ಲಿ ಋಣ. ಇಲ್ಲಿಯೂ ನಡುವೆ ಯಾರಾದರೂ ಬದಲಾಯಿಸಿರುವ ಸಂಭವ ಉಂಟು. ಕಣ್ಣಿನಿಂದ ನೋಡಿಯೇ ನಿಶ್ಚಯಿಸಿಕೊಳ್ಳಬೇಕು. ಇದರ ಮಹತ್ವ ತಂತಿ ಜೋಡಿಸುವಾಗ ತಿಳಿಯುತ್ತದೆ.

ತಂತಿಯ ಜೋಡಣೆ

ಕೆಲಸಕ್ಕೆ ಕೈಹಾಕುವ ಮೊದಲು ಬ್ಯಾಟರಿಯ ಅರ್ಥ್ ತಂತಿಯನ್ನು ಬಿಚ್ಚಿಡುವುದು ಮೊದಲ ನಿಯಮ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಸ್ವಿಚ್ಚಿನಿಂದ ಕಾಯಿಲಿಗೆ ಬರುವ ಬಿಳಿಯ ತಂತಿಗೆ ಸಾಮಾನ್ಯವಾಗಿ ಫ್ಯೂಸಿನ ಕಾವಲಿರುವುದಿಲ್ಲ. ಅದು ಸವೆದು ಗಾಡಿಯ ಮೈಗೆ ತಾಗಿದರೆ ತಂತಿಯ ಕಂತೆಯೇ ಹೊತ್ತಿಕೊಳ್ಳಬಹುದು. ಆದುದರಿಂದ ಬಿರುಕುಬಿಟ್ಟ ಹೊದಿಕೆಯ ತಂತಿಯನ್ನು ಟೇಪು ಸುತ್ತಿ ಸಮಾಧಾನಪಟ್ಟುಕೊಳ್ಳದೆ ಬದಲಾಯಿಸುವುದೇ ಕ್ಷೇಮ.

ದಾರಿ ಸರಳವಾದದ್ದು. ಬ್ಯಾಟರಿಯಿಂದ ಸ್ವಿಚ್ಚು, ಸ್ವಿಚ್ಚಿನಿಂದ, ತಡೆಯಿದ್ದರೆ ಅದರ ಮೂಲಕ, ಕಾಯಿಲಿನ ಒಂದು ಸಣ್ಣ ತಿರುಪು, ಇನ್ನೊಂದು ಸಣ್ಣ ತಿರುಪಿನಿಂದ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು, ಪಾಯಿಂಟಿನಿಂದ ಗಾಡಿಯ ಮೈ. ಕಾಯಿಲಿನ ನಡುವಣ ಗೋಪುರದಿಂದ ದಪ್ಪ ಹೊದಿಕೆಯ ತಂತಿ ಡಿಸ್ಟ್ರಿಬ್ಯೂಟರಿನ ಮುಚ್ಚಳದ ನಡುವಣ ತೂತಿಗೆ. ಅಲ್ಲಿಂದ ನಾಲ್ಕು ತಂತಿಗಳು ನಾಲ್ಕು ಪ್ಲಗ್ಗುಗಳಿಗೆ, ಕಿಡಿಯ ಸರದಿಗೆ ತಕ್ಕಂತೆ. ಜೀಪಿಗೂ ಮೈನರಿಗೂ ಆ ಸರದಿ 1, 3, 4, 2.

ಎರಡು ಸಣ್ಣ ತಿರುಪುಗಳಲ್ಲಿ ಯಾವುದು ಯಾವ ಕಡೆಗೆ? ಹಳೆಯ ಲೂಕಾಸ್ ಕಾಯಿಲಿನ ಮೇಲೆ ‘ಎಸ್‌ಡಬ್ಲ್ಯು’ ಎಂದಿದ್ದರೆ ಅದು ಸ್ವಿಚ್ಚಿಗೆ, ‘ಸಿಬಿ’ ಎಂದಿದ್ದರೆ ಪಾಯಿಂಟಿಗೆ. ಜರ್ಮನ್ ಕಾಯಿಲಿನ ಮೇಲೆ ‘15’ ಸ್ವಿಚ್ಚಿಗೆ, ‘1’ ಪಾಯಿಂಟಿಗೆ. ಧನ, ಋಣ ಚಿಹ್ನೆಗಳಿದ್ದರೆ ಒಂದೇ ಸೂತ್ರವನ್ನು ನೆನಪಿಟ್ಟರೆ ಸಾಕು: ಬ್ಯಾಟರಿಯ ಯಾವ ತುದಿ ಅರ್ಥ್ ಆಗಿದೆಯೋ ಅದೇ ಚಿಹ್ನೆಯ ತಿರುಪು ಡಿಸ್ಟ್ರಿಬ್ಯೂಟರಿಗೆ ಹೋಗಬೇಕು. ಋಣ ಅರ್ಥ್ ಆದರೆ ಋಣ, ಧನ ಅರ್ಥ್ ಆದರೆ ಧನ.

ತಿರುಗುಮುರುಗಾದರೆ ಯಂತ್ರ ನಡೆಯದೆಂದೇನೂ ಅಲ್ಲ. ನಡೆಯುತ್ತದೆ, ಅದೇ ಅಪಾಯ. ಪ್ಲಗ್ಗಿನ ನಡುವಣ ಕಡ್ಡಿ ಕೆಂಪಗೆ ಕಾದಿರುತ್ತದೆ. ಕಾದ ಲೋಹದಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಡುತ್ತವೆ. ಆದುದರಿಂದ ಆ ಕಡ್ಡಿ ಋಣವಾಗಿರುವಾಗ ಕಿಡಿಗೆ ಕಡಿಮೆ ಒತ್ತಡ ಸಾಕು. ತಿರುಗುಮುರುಗಾದಾಗ ಕಿಡಿ ತಣ್ಣನೆಯ ಹೊರಕೊಕ್ಕೆಯಿಂದ ಹೊರಡಬೇಕಾಗಿ, ಗಣನೀಯವಾಗಿ ಹೆಚ್ಚು ಒತ್ತಡವನ್ನು ಕೇಳುತ್ತದೆ. ಸಮತಟ್ಟಾದ ಗೋಣಿಕೊಪ್ಪಲಿನ ದಾರಿಯಲ್ಲಿ ಇದು ಗೊತ್ತಾಗದು. ಭಾರ ಹೊತ್ತು ಘಟ್ಟ ಹತ್ತುವಾಗ ಮೀಸಲೆಲ್ಲ ತೀರಿ, ಕಿಡಿ ತಪ್ಪತೊಡಗುತ್ತದೆ.

ಅನುಭವಿ ಮೆಕ್ಯಾನಿಕರು ಇದನ್ನು ಪೆನ್ಸಿಲಿನಿಂದ ಪರೀಕ್ಷಿಸುವುದುಂಟು. ರಬ್ಬರು ಹಿಡಿಯ ಇಕ್ಕಳದಿಂದ ಪ್ಲಗ್ಗಿನ ತಂತಿಯನ್ನು ತುಸು ದೂರ ಹಿಡಿದು, ನಡುವೆ ಪೆನ್ಸಿಲಿನ ಸೀಸವನ್ನು ತಂದಾಗ, ಕಿಡಿಯ ಕಿತ್ತಳೆ ಬಣ್ಣದ ಕುಚ್ಚು ಪ್ಲಗ್ಗಿನ ಕಡೆಗೆ ಹರಡಿದರೆ ಜೋಡಣೆ ಸರಿ. ತಂತಿಯ ಕಡೆಗೆ ಹರಡಿದರೆ ತಪ್ಪು. ಆದರೆ ಇದು ಸಾವಿರಾರು ವೋಲ್ಟಿನೊಡನೆ ಆಡುವ ಆಟ. ಪೆಟ್ರೋಲಿನ ವಾಸನೆಯಿರುವಲ್ಲಿ ಮಾಡಕೂಡದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರವೂ ಸುಳಿಯಬಾರದು. ಚಿಹ್ನೆಗಳನ್ನು ನೋಡಿ ಜೋಡಿಸಬಲ್ಲವರಿಗೆ ಈ ಪರೀಕ್ಷೆಯ ಅಗತ್ಯವೇ ಬೀಳದು.

ಪಾಯಿಂಟುಗಳಿಗೆ ಬದಲು ಎಲೆಕ್ಟ್ರಾನಿಕ್ ಸಾಧನವನ್ನು ಡಿಸ್ಟ್ರಿಬ್ಯೂಟರಿನೊಳಗೆ ಅಡಗಿಸುವುದು ಈಚೆಗೆ ರೂಢಿಗೆ ಬಂದಿದೆ. ಅದು ಸವೆಯುವುದಿಲ್ಲವೆಂಬುದು ನಿಜ. ಆದರೆ ಅದಕ್ಕೂ ತನ್ನದೇ ಆದ ಓಂ ಲೆಕ್ಕ ಉಂಟು. ಧನ ಋಣಗಳು ಒಮ್ಮೆ ತಪ್ಪಿದರೆ ಆ ಕ್ಷಣವೇ ಅದು ಹಾಳಾಗಬಹುದು. ಪಾಯಿಂಟುಗಳಾದರೋ ಮನುಷ್ಯರ ಹಾಗೆ: ಮುನಿಸಿಕೊಂಡರೂ ಉಜ್ಜಿ ಒರೆಸಿ ಮಾತನಾಡಿಸಿದರೆ ಮನೆಯವರೆಗೆ ತಲುಪಿಸುತ್ತವೆ.

ತಪ್ಪು ಯಾರದು, ಶಿಕ್ಷೆ ಯಾರಿಗೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಹಳೆಯ ಮೋಟಾರುಗಳಲ್ಲಿ ಯಾರದೋ ತಪ್ಪಿಗೆ ಕಾಯಿಲ್ ಶಿಕ್ಷೆಗೊಳಗಾಗುವುದು ಸಾಮಾನ್ಯ. ಕಂಡೆನ್ಸರು ಸೋರತೊಡಗಿದರೆ ಕಿಡಿ ಹಳದಿಯಾಗಿ ಬಡಕಲಾಗುತ್ತದೆ, ಪಾಯಿಂಟುಗಳ ನಡುವೆ ಬೆಳಕು ಚಿಮ್ಮುತ್ತದೆ, ಯಂತ್ರ ಕಾದಾಗ ಮುಗ್ಗರಿಸಿ ತಣಿದಾಗ ಸರಿಹೋಗುತ್ತದೆ. ಕಾಯಿಲ್ ಕೆಟ್ಟಾಗಲೂ ಹೆಚ್ಚು ಕಡಿಮೆ ಇದೇ ಲಕ್ಷಣ. ಕಂಡೆನ್ಸರಿನ ಬೆಲೆ ಕಾಯಿಲಿನ ಬೆಲೆಗಿಂತ ಎಷ್ಟೋ ಕಡಿಮೆ. ಮೊದಲು ಸಣ್ಣದನ್ನು ಬದಲಾಯಿಸಿ ನೋಡುವುದು ಜಾಣತನ.

ಮಳೆಗಾಲದಲ್ಲಿ ಕೊಡಗಿನ ತೇವಕ್ಕೆ ಇನ್ನೊಂದು ಚೇಷ್ಟೆಯುಂಟು. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ನೀರಾವಿ ಕೂತು, ಧೂಳಿನೊಡನೆ ಸೇರಿ, ಕಿಡಿಗೆ ಕಳ್ಳದಾರಿಯಾಗುತ್ತದೆ. ಹಾಗೆ ಹಲವು ಸಲ ಹಾದರೆ ಮುಚ್ಚಳದ ಮೈಮೇಲೆ ಕೂದಲಿನಂಥ ಕಪ್ಪು ಗೀರು ಮೂಡುತ್ತದೆ. ಗೀರು ಮೂಡಿದ ಮುಚ್ಚಳ ಮತ್ತೆ ನಂಬಿಕೆಗೆ ಅರ್ಹವಲ್ಲ. ಕಾಯಿಲಿನ ಗೋಪುರಕ್ಕೂ ಇದೇ ಮಾತು. ತೇವವಷ್ಟೇ ಆಗಿದ್ದರೆ ಒಣಬಟ್ಟೆಯಿಂದ ಒರೆಸಿದರೆ ಸಾಕು. ಇನ್ನು ಪಾಯಿಂಟಿನ ಸಂದು: ಮೈನರಿನಂಥ ಕಾರಿಗೆ ಸುಮಾರು 0.4 ಮಿಲಿಮೀಟರ್, ಯುದ್ಧಕಾಲದ ಜೀಪಿಗೆ 0.5. ಅದು ತಪ್ಪಿದರೂ ದೂರು ಬರುವುದು ಕಾಯಿಲಿನ ಮೇಲೆಯೇ. ಯಂತ್ರಕ್ಕೂ ಗಾಡಿಯ ಮೈಗೂ ನಡುವಣ ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ದರಂತೂ ಯಾವ ಕಾಯಿಲೂ ಏನೂ ಮಾಡಲಾರದು.

ಹಿಂದೆ ಈ ಸಾಮಾನುಗಳೆಲ್ಲ ಹಡಗಿನಲ್ಲಿ ಬರಬೇಕಾಗಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಮೈಕೊ ಸ್ಥಾಪನೆಯಾಗಿ, ಮುಂದೆ ಅಲ್ಲಿಯೇ ಸ್ಪಾರ್ಕ್ ಪ್ಲಗ್ಗುಗಳು ತಯಾರಾದವು. 1961ರಲ್ಲಿ ಮದರಾಸಿನಲ್ಲಿ ಆರಂಭವಾದ ಲೂಕಾಸ್ ಟಿವಿಎಸ್ ಮೋಟಾರಿನ ವಿದ್ಯುತ್ ಉಪಕರಣಗಳನ್ನು ಈ ದೇಶದಲ್ಲಿಯೇ ಒದಗಿಸತೊಡಗಿತು. ಹಳೆಯ ಗಾಡಿಯ ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯನ್ನು ಅಲೆಯುವವರು ಇಂದಿಗೂ ಇದ್ದಾರೆ. ವಸ್ತು ಸಿಗುವುದೇ ಕಷ್ಟವೆನ್ನುವುದಕ್ಕಿಂತ, ಯಾವುದು ತನ್ನ ಗಾಡಿಯದೆಂದು ಗುರುತಿಸಬಲ್ಲವರು ವಿರಳರಾಗುತ್ತಿದ್ದಾರೆನ್ನುವುದೇ ಹೆಚ್ಚು ಸರಿ. ಹಳೆಯ ಗಾಡಿಗಳ ಮೇಲಣ ಮಮತೆಗೆ ಸರಕಾರವೂ ಈಗ ಮನ್ನಣೆಯಿತ್ತಿದೆ: 2021ರ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ಗಾಡಿಗಳನ್ನು ವಿಂಟೇಜ್ ವಾಹನಗಳೆಂದು ‘ವಿಎ’ ಅಕ್ಷರಗಳೊಡನೆ ನೋಂದಾಯಿಸಬಹುದು. ಗಾಡಿಯ ಮೂಲರೂಪ ಉಳಿಯುವುದು ಬಣ್ಣ ಬಳಿಯುವುದರಿಂದಷ್ಟೇ ಅಲ್ಲ. ಬಾನೆಟ್ಟಿನ ಕೆಳಗಿನ ತಿಳಿವಳಿಕೆಯೂ ಉಳಿಯಬೇಕು.

ಮಾಕುಟ್ಟದ ತಿರುವಿನಲ್ಲಿ ನಿಂತ ಆ ಕಾರಿನಲ್ಲಿ ಆಗಿದ್ದೇನು? ಮುಗ್ಗರಿಕೆಗೆ ಮೂಲ ಕಾರಣ ಕಂಡೆನ್ಸರು. ಶಿಕ್ಷೆಯಾದದ್ದು ಕಾಯಿಲಿಗೆ. ಹುಡುಗ ತಂದದ್ದು 1.5 ಓಂನದು; ಕಾರಿನಲ್ಲಿ ಹೊರಗಿನ ತಡೆಯಿಲ್ಲ. ಇಂದಿನ ಕಾರುಗಳ ರೂಢಿಯಂತೆ ಅವನು ಧನ ತಿರುಪನ್ನು ಸ್ವಿಚ್ಚಿಗೆ ಜೋಡಿಸಿದ್ದ. ಕಾರು ಧನ ಅರ್ಥಿನದು. ಒಂದು ತಪ್ಪು ಪಾಯಿಂಟನ್ನು ಸುಟ್ಟಿತು, ಇನ್ನೊಂದು ಕಿಡಿಯ ಮೀಸಲನ್ನು ಕದ್ದಿತು, ಘಟ್ಟ ಎರಡಕ್ಕೂ ಲೆಕ್ಕ ಕೇಳಿತು.

ಯಜಮಾನರು ಡಿಕ್ಕಿಯನ್ನು ತೆರೆದು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಮೂಲ ಕಾಯಿಲನ್ನು ಹೊರತೆಗೆಯುತ್ತಾರೆ. ಸಾಮಾನಿನ ಡಬ್ಬಿಯ ತಳದಲ್ಲಿ ಹೊಸ ಕಂಡೆನ್ಸರೊಂದು ಇದ್ದೇ ಇದೆ. ಮೊಮ್ಮಗ ಕೊಡೆ ಹಿಡಿಯುತ್ತಾನೆ. ಅಜ್ಜಿ ತಮ್ಮ ಚೀಲದಿಂದ ಉಗುರಿನ ಅರವನ್ನು ಕೊಡುತ್ತಾರೆ. ಸುಟ್ಟ ಪಾಯಿಂಟುಗಳು ಅದರಿಂದ ಹದಕ್ಕೆ ಬರುತ್ತವೆ. ಇಪ್ಪತ್ತು ನಿಮಿಷದ ಕೆಲಸ. ಕೀಲಿ ತಿರುಗಿದಾಗ ಯಂತ್ರ ಒಂದು ಸಲ ತಡವರಿಸಿ, ತನ್ನ ಹಳೆಯ ದನಿಯಲ್ಲಿ ಗುಣುಗತೊಡಗುತ್ತದೆ.

“ಇದನ್ನು ಬಿಸಾಡಿರಲಿಲ್ಲವೆ ಅಜ್ಜ?” ಎಂದು ಹುಡುಗ ಬೆರಗಿನಿಂದ ಕೇಳುತ್ತಾನೆ.

“ಕೆಟ್ಟಿದೆಯೆಂದು ಯಾರೂ ಅಳೆದು ನೋಡಿರಲಿಲ್ಲವಲ್ಲ ಮಗ.”

ಪೆರುಂಬಾಡಿಯ ದೀಪಗಳು ಮಳೆಯಲ್ಲಿ ಮಿನುಗುವ ಹೊತ್ತಿಗೆ ಅಜ್ಜಿಗೆ ನಿದ್ದೆ ಹತ್ತಿರುತ್ತದೆ. ಕಾರನ್ನು ಈಗ ಮೊಮ್ಮಗನೇ ನಡೆಸುತ್ತಿದ್ದಾನೆ.